ಮಾತಿಲ್ಲದ ಟೆಸ್ಟ್ ಕಾಲ್

ನನ್ನ ತಮ್ಮನನ್ನು ಗ್ಯಾರೇಜು ಸಾಲಿನಲ್ಲಿ ಎಲ್ಲರೂ ತಂತಿ ಎಂದೇ ಕರೆಯುತ್ತಿದ್ದರು. ಕಾರುಗಳ ವೈರಿಂಗ್ ಕೆಲಸ ಅವನದು, ಮೈಯೂ ಹಾಗೇ, ಹೊಟ್ಟೆ ಬೆನ್ನಿಗೆ ಅಂಟಿಕೊಂಡಂತೆ. ಅವನು ಸತ್ತು ಐದು ತಿಂಗಳಾಯಿತು. "ಒಂದೇ ಏಟಿಗೆ ಜ್ಞಾನ ಹೋಯ್ತು, ಪಾಪ, ನರಳಲಿಲ್ಲ" ಎಂದು ಅವನ ಯಜಮಾನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆ ಮಾತು ನಿಜವೋ ಸುಳ್ಳೋ ತಿಳಿಯಲೇಬೇಕೆಂದು ನಾನು ಹಟ ಹಿಡಿದೆ. ನಿನಗೆ ಮೂಗಿನ ತುದಿಯಲ್ಲೇ ಕೋಪ ಎಂದು ತಮ್ಮ ಆಡಿಕೊಳ್ಳುತ್ತಿದ್ದ. ಇರಲಿ ಬಿಡಿ. ಆ ಕೋಪ ಇಲ್ಲದಿದ್ದರೆ ಕಾಲ್ ಸೆಂಟರಿನ ಮೆಟ್ಟಿಲನ್ನು ಏಳು ಸಲ ಹತ್ತುವುದು ನನ್ನಿಂದ ಆಗುತ್ತಿರಲಿಲ್ಲ.

ಅದೇ ಸಾಲಿನಲ್ಲಿ ನನ್ನದು ಸೀಟು ಕವರ್ ಹೊಲಿಯುವ ಅಂಗಡಿ. ಅವನ ಗ್ಯಾರೇಜಿಗೂ ನನ್ನ ಹೊಲಿಗೆ ಮಿಷನ್ನಿಗೂ ನಡುವೆ ಮೂರು ಅಂಗಡಿ, ಒಂದು ಹಳೇ ಟೈರಿನ ರಾಶಿ. ಅಪ್ಪ ಹೋದಮೇಲೆ ಅವನನ್ನು ಕೆಲಸಕ್ಕೆ ಹಚ್ಚಿದವಳು ನಾನೇ. ಆಗ ದೊಡ್ಡ ಮನುಷ್ಯರ ಕಾರಿನಲ್ಲಿ ಎರಡು ಸೀಟಿನ ನಡುವೆ ಸುರುಳಿ ವೈರಿನ ಫೋನು ಕೂರಿಸುವ ಕಾಲ. "ಸಿಗ್ನಲ್ಲಲ್ಲಿ ಕಾರು ನಿಂತಾಗ ಸುಮ್ಸುಮ್ನೆ ರಿಸೀವರ್ ಎತ್ತಿ ಕಿವಿಗಿಟ್ಕೊಳ್ತಾರಕ್ಕ, ಪಕ್ಕದ ಕಾರಿನವ್ರು ನೋಡ್ಲಿ ಅಂತ" ಎಂದು ನಕ್ಕೂ ನಕ್ಕೂ ಹೇಳುತ್ತಿದ್ದ. ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು, ಅವನ ಕೆಲಸಕ್ಕೆ ಕಲ್ಲು ಬಿತ್ತು. ಎಷ್ಟೋ ವರ್ಷ ಹಾರ್ನು, ವೈಪರು ರಿಪೇರಿ ಮಾಡಿಕೊಂಡಿದ್ದ. ಮತ್ತೆ ಹೊಸ ಕಾರುಗಳ ಕನ್ನಡಿಯ ಮೇಲ್ಗಡೆ, ಅಪಘಾತವಾದರೆ ಒತ್ತಿ ಸಹಾಯ ಕರೆಯುವ ಕೆಂಪು ಗುಂಡಿ ಬಂದದ್ದೇ ತಡ, ತಂತಿ ಕುಣಿದುಬಿಟ್ಟ.

ಒಂದು ದಿನ ನಮ್ಮನೆಯಲ್ಲಿ ಊಟಕ್ಕೆ ಕೂತವನು, ತುತ್ತು ಬಾಯಿಗಿಡದೆ ನನಗೆ ಪಾಠ ಶುರುಮಾಡಿದ.

"ನೋಡಕ್ಕ, ಡ್ಯಾಶ್‌ಬೋರ್ಡಿನ ಹಿಂದೆ ಸೋಪಿನ ಡಬ್ಬಿಯಷ್ಟು ಪೆಟ್ಟಿಗೆ. ಅದ್ರೊಳಗೊಂದು ಸಿಮ್ಮು. ಕಾರು ಗುದ್ದಿದ್ರೆ ಏರ್‌ಬ್ಯಾಗ್ ಬಿಚ್ಕೊಳ್ಳತ್ತಲ್ಲ, ಆ ಸುದ್ದಿ ಈ ಪೆಟ್ಟಿಗೆಗೂ ಬರತ್ತೆ. ಯಾರೂ ಗುಂಡಿ ಒತ್ತೋದೇ ಬೇಡ, ತಾನೇ ಕಾಲ್ ಸೆಂಟರಿಗೆ ಫೋನ್ ಮಾಡತ್ತೆ. ಮೊದ್ಲು ಕಾರು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ, ಅದೆಲ್ಲ ಕಳಿಸತ್ತೆ. ಆಮೇಲೆ ಮಾತಾಡೋಕೆ ಲೈನ್ ಬಿಡತ್ತೆ."

"ಗುದ್ದಿದ ಏಟಿಗೆ ಕಾರಿನ ಬ್ಯಾಟರಿನೇ ಒಡೆದ್ರೆ?"

"ಅದಕ್ಕೇ ಪೆಟ್ಟಿಗೆಗೆ ಬೇರೆ ಪುಟ್ಟ ಬ್ಯಾಟರಿ. ಕಾರು ಸತ್ರೂ ಅದು ಸ್ವಲ್ಪ ಹೊತ್ತು ಬದುಕಿರತ್ತೆ."

"ಮಾತೇ ಬರದಷ್ಟು ಏಟಾಗಿದ್ರೆ?"

"ಮಾತು ಬರ್ಲಿಲ್ಲ ಅಂದ್ರೇನೇ ಅವ್ರು ಓಡ್ಬೇಕಾದ್ದು! ವಾಪಸ್ ಫೋನ್ ಮಾಡ್ತಾರೆ, ಎತ್ತಲಿಲ್ಲ ಅಂದ್ರೆ ಆಂಬುಲೆನ್ಸ್ ಕಳಿಸ್ತಾರೆ. ಅದೇ ರೂಲು."

"ಸಾಕು, ಉಣ್ಣು ಮೊದ್ಲು" ಎಂದೆ.

ರಿಪೇರಿ ಆದ ಪ್ರತಿ ಕಾರಿಗೂ ಟೆಸ್ಟ್ ಕಾಲ್ ಮಾಡಬೇಕು. ಯಾರಿಗೂ ತೊಂದರೆಯಿಲ್ಲದೆ ಟೆಸ್ಟ್ ಮಾಡುವ ಯಂತ್ರವೊಂದು ಬರುತ್ತದಂತೆ. ಯಜಮಾನ ತರಿಸಲಿಲ್ಲ. "ಗುಂಡಿ ಒತ್ತಿದ್ರೆ ಆಗೋ ಕೆಲ್ಸಕ್ಕೆ ಯಂತ್ರ ಯಾಕಯ್ಯಾ?" ಎಂದ. ಸರಿ, ತಂತಿ ಗುಂಡಿ ಒತ್ತುತ್ತಿದ್ದ, ಅತ್ತಲಿಂದ ಹೆಣ್ಣುದನಿ ಕೇಳಿದ ಕೂಡಲೇ "ಟೆಸ್ಟು ಮೇಡಂ, ಎಲ್ಲ ಚೆನ್ನಾಗಿದೀವಿ" ಎನ್ನುತ್ತಿದ್ದ. ಆದರೆ ಎಷ್ಟೋ ಕಾರಿನಲ್ಲಿ ಕೆಟ್ಟಿರುತ್ತಿದ್ದುದೇ ಮೈಕು. ಇವನು ಎಷ್ಟು ಕೂಗಿದರೂ ಅವರಿಗೆ ಕೇಳುತ್ತಿರಲಿಲ್ಲ. ಹಾಗೆ ಎರಡು ಸಲ ಆಂಬುಲೆನ್ಸು ಬೊಬ್ಬೆ ಹಾಕುತ್ತ ಗ್ಯಾರೇಜಿನ ಒಳಕ್ಕೇ ಬಂತು. ಅದರ ಡ್ರೈವರು ಬಾಯಿಗೆ ಬಂದಂತೆ ಬೈದ, ಯಜಮಾನ ಮೈಮೇಲೆ ಬಂದವರ ಹಾಗೆ ಕುಣಿದ.

ಆಗ ನನ್ನ ತಮ್ಮ ಒಂದು ಉಪಾಯ ಹೂಡಿದ. ಕಾಲ್ ಸೆಂಟರಿನವರಿಗೆಲ್ಲ ಅವನ ದನಿಯ ಪರಿಚಯ ಇತ್ತಲ್ಲ, ಒಬ್ಬೊಬ್ಬರಿಗೂ ಹೇಳಿದ. "ನಮ್ಮ ಗ್ಯಾರೇಜಿಂದ ಮಾತಿಲ್ಲದ ಕಾಲ್ ಬಂದ್ರೆ ಮೈಕ್ ಕೆಟ್ಟಿದೆ ಅಂತ ತಿಳ್ಕೊಳ್ಳಿ ಮೇಡಂ. ಟೆಸ್ಟ್ ಅಂತ ಬರ್ದು ಕಟ್ ಮಾಡ್ಬಿಡಿ." ಅವರಿಗೂ ಅದೇ ಬೇಕಿತ್ತು. ಒಂದು ಕಾಲಿಗೆ ಇಷ್ಟೇ ನಿಮಿಷ ಎಂದು ಮೇಲಿನವರು ಗಡಿಯಾರ ಹಿಡಿದು ಕೂತಿದ್ದರು. ರೂಲನ್ನು ಗಾಳಿಗೆ ತೂರಿದರು. ಮೂರು ವರ್ಷ ಹೀಗೇ ನಡೆಯಿತು, ಒಂದು ಸಲವೂ ಎಡವಟ್ಟಾಗಲಿಲ್ಲ. ಆಂಬುಲೆನ್ಸಿನ ಕಾಟ ತಪ್ಪಿತಕ್ಕ ಎಂದು ಅವನು ಬೀಗಿದಾಗ, "ಬುದ್ಧಿವಂತ ಕಣೋ ನೀನು" ಎಂದು ಹೊಗಳಿದವಳು ನಾನು. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ.

ಆ ದಿನ ಮೂರು ಗಂಟೆಗೆ ಒಂದು ಕಾರು ಕೊಡಬೇಕಿತ್ತು. ಊಟದ ಹೊತ್ತು, ಕೆಲಸದವರೆಲ್ಲ ಮೂಲೆಯ ಹೋಟೆಲಿಗೆ ಹೋಗಿದ್ದರು. ಕಾರನ್ನು ಮೇಲೆತ್ತಿ ಹಿಡಿಯುವ ಲಿಫ್ಟಿನ ತೋಳುಗಳ ಮೇಲೆ ಅದು ಎದೆಯೆತ್ತರದಲ್ಲಿ ನಿಂತಿತ್ತು. ಇಳಿಸಿ, ಮತ್ತೆ ಏರಿಸುವ ಹೊತ್ತು ಉಳಿಯಲಿ ಎಂದು ತಂತಿ ಸ್ಟೂಲು ಹಾಕಿಕೊಂಡು ಹತ್ತಿ, ಡ್ರೈವರ್ ಸೀಟಿನಲ್ಲಿ ಕೂತು ಹೊಸ ಮೈಕು ಕೂರಿಸಿ, ಟೆಸ್ಟ್ ಕಾಲಿಗೆಂದು ಕೀ ತಿರುಗಿಸಿದ್ದಾನೆ. ಲಿಫ್ಟಿನ ಒಂದು ತೋಳಿನ ಲಾಕು ಸವೆದಿತ್ತು. ತಂತಿ ಎರಡು ಸಲ ಹೇಳಿದ್ದನಂತೆ, ಯಜಮಾನ "ನೋಡೋಣ ಬಿಡು" ಎಂದಿದ್ದನಂತೆ. ಕಾರು ಜಾರಿ ಮೂತಿ ಕೆಳಗಾಗಿ ಬಿತ್ತು. ಕೆಲಸದವರು ಉಂಡು, ಎಲ್ಲೋ ಕೂತು ಹರಟಿ ಬಂದು ನೋಡುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಅವರು ಕೂಗಿದಾಗ ನಾನು ಬರಿಗಾಲಲ್ಲಿ ಓಡಿದೆ. ಸ್ಟೇರಿಂಗು ಅವನ ಎದೆಗೆ ಒತ್ತಿಕೊಂಡಿತ್ತು, ಜ್ಞಾನವಿರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿಯಿತು. ಅರ್ಧ ಗಂಟೆ ಮುಂಚೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ನೆಲ ನೋಡಿಕೊಂಡು ಹೇಳಿದರು.

ಕಾರು ಫೋನ್ ಮಾಡಿಯೇ ಇತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ, ಕಾರು ಕಂಪನಿಯ ಕಾಗದದಿಂದ. "ನಮ್ಮ ಉಪಕರಣದಲ್ಲಿ ಯಾವ ದೋಷವೂ ಇರಲಿಲ್ಲ. ಬಿದ್ದ ಹನ್ನೊಂದನೇ ಸೆಕೆಂಡಿಗೆ ಕರೆ ತಲುಪಿದೆ." ಶಾಬಾಶ್! ಆ ಕರೆಯನ್ನು ನನಗೆ ಕೇಳಿಸಿ ಎಂದು ಹೋದರೆ ಕಾಲ್ ಸೆಂಟರಿನವರು ಆರು ಸಲ ನನ್ನನ್ನು ಇವತ್ತು ಬಾ, ನಾಳೆ ಬಾ ಎಂದು ಓಡಾಡಿಸಿದರು. ಏಳನೇ ಸಲ ನಾನು ಬಾಗಿಲಿಗೆ ಅಡ್ಡ ಕೂತೆ. ಕೊನೆಗೆ ಒಬ್ಬ ಟೈ ಕಟ್ಟಿದ ಸಾಹೇಬರು ಒಳಗೆ ಕರೆದು, ರೆಕಾರ್ಡಿಂಗ್ ಹಾಕಿದರು. ಇಪ್ಪತ್ತಾರು ಸೆಕೆಂಡು.

"ನಮಸ್ಕಾರ ಅಣ್ಣಾ! ಇವತ್ತೂ ಮೈಕು ಕೈಕೊಡ್ತಾ?" ಹುಡುಗಿಯೊಬ್ಬಳ ನಗುವ ದನಿ. ಆಮೇಲೆ ಉಸಿರು. ಒಂದು ಎಳೆದು, ಎಷ್ಟೋ ಹೊತ್ತಿಗೆ ಇನ್ನೊಂದು. ಆ ಮೈಕನ್ನು ಕೂರಿಸಿದ್ದು ನನ್ನ ತಮ್ಮನೇ, ಎಷ್ಟು ಚೆನ್ನಾಗಿ ಕೂರಿಸಿದ್ದನೆಂದರೆ ಉಸಿರೂ ಕೇಳಿಸಿತು. ಆಮೇಲೆ ಟಕ್. ಟಕ್, ಟಕ್. "ಓಹೋ, ಕೆಲ್ಸ ಜೋರಾಗೇ ನಡೀತಿದೆ. ಸರಿ ಅಣ್ಣಾ, ಟೆಸ್ಟ್ ಅಂತ ಬರ್ಕೊಂಡೆ. ಊಟ ಮಾಡಿ." ಅಷ್ಟೇ, ಕಟ್.

ಆಸ್ಪತ್ರೆಯಲ್ಲಿ ಅವನ ಬಲಗೈಯ ಗೆಣ್ಣುಗಳಲ್ಲಿ ಚರ್ಮ ಸುಲಿದಿದ್ದನ್ನು ನಾನು ನೋಡಿದ್ದೆ. ಬಿದ್ದಾಗ ತರಚಿರಬೇಕು ಎಂದುಕೊಂಡಿದ್ದೆ. ಅವನು ಬಾಗಿಲಿನ ಗಾಜನ್ನು ಬಡಿಯುತ್ತಿದ್ದ. ಮತ್ತೊಮ್ಮೆ ಹಾಕಲೇ ಎಂದು ಸಾಹೇಬರು ಕೇಳಿದರು. ಬೇಡ ಎಂದು ಎದ್ದು ಬಂದೆ.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಯಾರೋ ಓಡಿಬಂದರು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ಬಾಯಿ ತೆರೆದ ಕೂಡಲೇ ಆ ದನಿ ಗುರುತು ಹತ್ತಿತು. ಅವಳನ್ನು ಫೋನಿನಿಂದ ತೆಗೆದು ಫೈಲು ಜೋಡಿಸಲು ಹಾಕಿದ್ದರಂತೆ.

"ಅಮ್ಮಾ, ಕಾರು ತಾನೇ ಮಾಡಿದ ಕಾಲ್ ಅಂತ ನನ್ನ ಸ್ಕ್ರೀನಲ್ಲಿ ಬಂದಿತ್ತು. ಆದ್ರೆ ಗ್ಯಾರೇಜಲ್ಲಿ ವೈರು ಬಿಚ್ಚಿದಾಗ್ಲೂ ಹಾಗೇ ಬರತ್ತಮ್ಮಾ. ಕಟ್ ಮಾಡಿ ಅಂತ ಅಣ್ಣನೇ ಹೇಳಿದ್ರು." ಒಂದು ಮೆಟ್ಟಿಲು ಇಳಿದು ನನಗೆ ಅಡ್ಡ ನಿಂತಳು. "ನಂಗೆ ಅದನ್ನ ಮತ್ತೆ ಕೇಳೋಕೆ ಬಿಡ್ತಿಲ್ಲ. ಆ ಟಕ್ ಟಕ್... ಸುತ್ತಿಗೆನೇ ಅಲ್ವಾ ಅಮ್ಮಾ? ಯಾರೋ ಏನೋ ಬಡೀತಿದಾರೆ ಅಂದ್ಕೊಂಡೆ. ಹೌದು ಅಂತ ಒಂದ್ಸಲ ಹೇಳಿ."

ಹೌದು ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಆ ಮೂಗಿನ ತುದಿಯ ಕೋಪ ಬಿಡಲಿಲ್ಲ.

"ಅಲ್ಲ" ಎಂದೆ. "ಅಲ್ಲಿ ಅವನೊಬ್ಬನೇ ಇದ್ದಿದ್ದು. ಗಾಜು ಬಡಿದು ಬಡಿದು ನಿನ್ನನ್ನ ಕರೀತಿದ್ದ."

ಅವಳು ಗೋಡೆ ಹಿಡಿದು ಮೆಟ್ಟಿಲ ಮೇಲೆ ಕುಸಿದಳು. ನಾನು ತಿರುಗಿ ನೋಡದೆ ಇಳಿದುಬಂದೆ.

ಅವಳಿಗೆ ಇನ್ನೊಂದು ಮಾತು ಹೇಳಲಿಲ್ಲ. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆ ಕಾರು ಬಿದ್ದ ಸದ್ದು ನನಗೂ ಕೇಳಿಸಿತ್ತು. ಮೂರೇ ಅಂಗಡಿ ಆಚೆ, ಹಲಗೆಯ ಗೋಡೆ ಅದುರುವಷ್ಟು ದೊಡ್ಡ ಸದ್ದು. ಗ್ಯಾರೇಜು ಸಾಲಿನಲ್ಲಿ ಏನೋ ಒಂದು ಬೀಳುತ್ತಲೇ ಇರುತ್ತದೆ ಎಂದುಕೊಂಡು ನಾನು ಮಿಷನ್ನು ಕೂಡ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಕವರಿನ ಅಂಚು ಪೂರ್ತಿ ಹೊಲಿದೆ, ಕೈ ತೊಳೆದು ಊಟಕ್ಕೆ ಕೂತೆ.