ಎರೆಭೂತದ ಎಲುಬಿನ ಸೀಟಿ

ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ಹಾಗೆ ದನಿ ಮಾಡುವುದು. ತಳಕಿನ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಕೂಗುವುದು, ದನದ ಡಾಕ್ಟರು ಸೂಜಿ ಚುಚ್ಚುವ ಮುಂಚೆ ಎಮ್ಮೆಗೆ ಸಮಾಧಾನ ಹೇಳುವುದು, ಎಲ್ಲ ಮಾಡುತ್ತೇನೆ. ಯಾರೂ ಸಿಗದಿದ್ದರೆ ಮೇಷ್ಟ್ರ ಮುಂದೆ ತೊದಲುವ ನನ್ನನ್ನೇ ಮಾಡಿ ತೋರಿಸುತ್ತೇನೆ. ಜನ ಹೆಚ್ಚು ನಗುವುದು ಅದಕ್ಕೇ.

ನಮ್ಮಜ್ಜ ದೇವರೆತ್ತುಗಳ ಕಿಲಾರಿ. ಅಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ದನಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಕಾಯುವವನು ಚಪ್ಪಲಿ ಮೆಟ್ಟುವಂತಿಲ್ಲ, ಹೋಟ್ಲಲ್ಲಿ ತಿನ್ನುವಂತಿಲ್ಲ. ದನ ಕರೆಯಲು ಅಜ್ಜನ ಸೊಂಟದಲ್ಲಿ ಒಂದು ಎಲುಬಿನ ಸೀಟಿ ಇರುತ್ತಿತ್ತು. ದನ ಮೇಯುವ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲು ಬಯಲಿನಲ್ಲಿ ಎರೆಭೂತ ಅನ್ನುವ ದೊಡ್ಡ ಹಕ್ಕಿ ಇನ್ನೂ ಓಡಾಡುತ್ತಿದ್ದಾಗ, ಸತ್ತುಬಿದ್ದ ಒಂದರ ರೆಕ್ಕೆಯ ಎಲುಬಿನಿಂದ ಅಜ್ಜನ ಅಪ್ಪ ಮಾಡಿದ್ದು. ಆ ಹಕ್ಕಿಯನ್ನು ನಾನಂತೂ ಕಂಡಿಲ್ಲ. ನಮ್ಮಲ್ಲಿ ಕೋಳಿ ಮುಟ್ಟುವಂತಿಲ್ಲ, ನೀನು ಹಕ್ಕಿ ಎಲುಬು ಬಾಯಿಗಿಡ್ತೀಯಲ್ಲ ಅಂತ ಅಜ್ಜನನ್ನು ರೇಗಿಸುತ್ತಿದ್ದೆ. ಕೋಳಿ ಎಲ್ಲಿ ಹಾರ್ತದಲೇ, ಇದು ಹಾರಿದ ಎಲುಬು ಅನ್ನುತ್ತಿದ್ದ.

ಚಳ್ಳಕೆರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ದಿನ ಇತಿಹಾಸದ ಮೇಡಂ ಪರದೆಯ ಮೇಲೆ ಅಮೆರಿಕದ ಮೂಲನಿವಾಸಿಗಳ ಸಾಮಾನು ತೋರಿಸಿದರು. ಕಾಡೆಮ್ಮೆಯ ಭುಜದ ಎಲುಬಿನ ಗುದ್ದಲಿ, ತೊಗಲು ಹೊಲಿಯುವ ಎಲುಬಿನ ದಬ್ಬಣ, ಆಮೇಲೆ ಹದ್ದಿನ ರೆಕ್ಕೆಯ ಎಲುಬಿನ ಸೀಟಿ. ಅಲ್ಲಿಯ ಬಯಲುಸೀಮೆಯ ಜನ ಸೂರ್ಯನ ಆರಾಧನೆಯ ಕುಣಿತದಲ್ಲಿ ಊದುವಂಥದ್ದು. ಅಮೆರಿಕಕ್ಕೂ ಬಯಲುಸೀಮೆ ಇದೆಯಾ ಅಂತ ಕೇಳಿ ನಾನು ಎಲ್ಲರನ್ನೂ ನಗಿಸಿದೆ. ಆದರೆ ಕಣ್ಣು ಸೀಟಿಯ ಮೇಲೇ ಇತ್ತು. ನಮ್ಮ ಮನೆಯದನ್ನೇ ಯಾರೋ ತೊಳೆದು ಇಟ್ಟ ಹಾಗಿತ್ತು.

ಸಂಜೆ ಅಜ್ಜನಿಗೆ ಹೇಳಿದೆ. ಯಾವ ಹಕ್ಕಿದು, ಹೆಂಗಸರೂ ಊದ್ತಾರಾ ಅಂತೆಲ್ಲ ವಿಚಾರಿಸಿ, ಈಗಲೂ ಊದ್ತಾರಾ ಅಂತ ಕೊನೆಗೆ ಕೇಳಿದ. ಊದ್ತಾರಂತೆ ಅಂದೆ.

"ಹಂಗಾದ್ರೆ ಅಲ್ಲಿ ಹುಡುಗ್ರು ಕಲ್ತಾರೆ," ಅಂದ. ಸೊಂಟದ ಸೀಟಿ ಮುಟ್ಟಿಕೊಂಡು, "ನಂಗೆ ಹಲ್ಲು ಹೋದ್ವು ಕಣಲೇ. ಗಾಳಿ ನಿಲ್ಲಲ್ಲ. ನಾನಿರೋದ್ರೊಳಗೆ ನೀನು ಇದನ್ನ ಬಾಯಿಗೆ ಹತ್ತಿಸ್ಕೋ," ಅಂದ.

ಕಾವಲಿನ ಜಾಗ ಸರ್ಕಾರದ ಸಂಸ್ಥೆಗಳಿಗೆ ಹೋಗಿ ಅಡ್ಡ ಗೋಡೆ ಬಂದ ಮೇಲೆ ದನಗಳನ್ನು ದೂರದಿಂದ ಸುತ್ತಿಸಿ ಕರೆಯಬೇಕಾಗಿತ್ತು. ಆದರೆ ಸೀಟಿ ಮುಟ್ಟಬೇಕಾದರೆ ಕಿಲಾರಿಯ ನೇಮ ಹಿಡಿಯಬೇಕು. ನನಗೆ ಆಗಷ್ಟೇ ಹೊಸ ಶೂ ಬಂದಿತ್ತು, ಬಸ್‌ಸ್ಟ್ಯಾಂಡಿನ ಮೆಣಸಿನಕಾಯಿ ಬಜ್ಜಿ ಬಿಡುವುದು ಪ್ರಾಣ ಬಿಟ್ಟ ಹಾಗೆ. ಎಲುಬು ಯಾಕಜ್ಜ, ಬಾಯಲ್ಲೇ ಮಾಡ್ತೀನಿ ಕೇಳು ಅಂದು, ಎರಡು ಬೆರಳು ಇಟ್ಟು ಅಜ್ಜ ಊದುವ ಹಾಗೇ ಶಿಳ್ಳೆ ಹೊಡೆದೆ. ನಡುವೆ ಗಾಳಿ ಫುಸ್ಸೆಂದು ಸೋರುವುದನ್ನೂ ಬಿಡಲಿಲ್ಲ. ಗೋಡೆಯ ಆಚೆ ದನಗಳು ತಲೆ ಎತ್ತಿದವು, ಸುತ್ತಿಕೊಂಡು ಬಂದವು.

ಅಜ್ಜ ನಕ್ಕ. ಆಮೇಲೆ ಸೀಟಿಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಇನ್ನ ಇದ್ರ ಕೆಲ್ಸ ಏನೈತೆ," ಅಂತ ಬಟ್ಟೆಯಲ್ಲಿ ಸುತ್ತಿಟ್ಟ. ಅವತ್ತಿನಿಂದ ನನ್ನನ್ನೇ ಕರೆದು ಶಿಳ್ಳೆ ಹೊಡೆಸುತ್ತಿದ್ದ. ನಾನು ಅದನ್ನು ಶಹಬ್ಬಾಸ್‌ಗಿರಿ ಅಂದುಕೊಂಡು ಹಟ್ಟಿ ತುಂಬ ಹೇಳಿಕೊಂಡು ಬಂದೆ.

ಮುಂದಿನ ಬೇಸಿಗೆಗೆ ಅಜ್ಜ ಹೋದ. ಹೂಳುವ ಗುಂಡಿಯ ಹತ್ತಿರ, ಸೀಟಿ ದೇವರ ಪೆಟ್ಟಿಗೆಗೆ ಸೇರಬೇಕೋ ಅಜ್ಜನ ಜೊತೆ ಹೋಗಬೇಕೋ ಅಂತ ಮಾತಾಯಿತು. ಮೊಳಕಾಲ್ಮೂರು ಕಡೆಯಿಂದ ಬಂದಿದ್ದ ಹಿರಿಯರು ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ವಾದ ಮಾಡಿದರು. ಕೊನೆಗೆ ಒಬ್ಬರು, "ಈ ಹುಡುಗನ ಬಾಯಲ್ಲೇ ಐತಲ್ರಿ, ಎಲುಬು ಅವರ ಜೊತೆ ಹೋಗ್ಲಿ," ಅಂದರು. ಹೊಡೆದು ತೋರಿಸು ಅಂದರು. ನಾನು ಅಳುತ್ತಲೇ ಹೊಡೆದೆ. ಚೆನ್ನಾಗಿಯೇ ಬಂತು. ಅಜ್ಜನ ಬಲಗೈಯಲ್ಲಿ ಸೀಟಿ ಇಟ್ಟು ಮಣ್ಣು ಎಳೆದರು. ಒಂದು ಸಲ ಇಸಕೊಂಡು ಊದಿ ನೋಡ್ತೀನಿ ಅನ್ನುವಷ್ಟು ಬುದ್ಧಿ ನನಗೆ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಅಜ್ಜಿ ದನ ಕೂಡುವ ರೊಪ್ಪಕ್ಕೆ ಬೂಸಾ ತಂದಿದ್ದಳು. ನಾನು ಶಿಳ್ಳೆ ಹೊಡೆದೆ, ದನ ಬಂದವು. ಹೆಂಗೆ, ಥೇಟ್ ಅಜ್ಜನೇ ಅಲ್ವಾ ಅಂದೆ.

"ಅವ್ರೇ. ಬೋಡುಬಾಯಿ ಅಜ್ಜ," ಅಂದಳು. "ಹಲ್ಲಿದ್ದಾಗ ಹಿಂಗಿರ್ಲಿಲ್ಲಪ್ಪ."

ಹೆಂಗಿತ್ತು ಅಂತ ಕೇಳಿದೆ. ಅಜ್ಜಿ ತುಟಿ ಮುಂದೆ ಮಾಡಿದಳು, ಬರೀ ಗಾಳಿ ಬಂತು. ಇನ್ನೊಮ್ಮೆ ನೋಡಿದಳು. ಉದ್ದಕ್ಕಿತ್ತು, ಕೊನೇಲಿ ಏರೋದು, ಹಿಂಗೆ ಅಂತ ಕೈಯನ್ನು ಕಾವಲಿನ ಕಡೆ ಎತ್ತಿ, ಹೇಳಾಕೆ ಬರಲ್ಲ ಬಿಡು ಅಂತ ಬುಟ್ಟಿ ಎತ್ತಿಕೊಂಡಳು.

ಅಜ್ಜಿ ಕೈ ಎತ್ತಿದ ಹಾಗೆ ಕೊನೆಯಲ್ಲಿ ಏರಿಸಿ ಹೊಡೆದು ನೋಡಿದ್ದೇನೆ. ದನಗಳು ತಲೆ ಎತ್ತಿ, ಯಾರೋ ಏನೋ ಅನ್ನುವ ಹಾಗೆ ನೋಡಿ ಮತ್ತೆ ಮೇಯುತ್ತವೆ. ಫುಸ್ಸೆನ್ನಿಸಿದರೆ ಬರುತ್ತವೆ. ಈಚೆಗೆ ಹುಟ್ಟಿದ ಕರುಗಳೂ ಅದಕ್ಕೇ ಬರುತ್ತವೆ.