ಬೆಲ್ಲವೆಂದು ಹತ್ತಿದ ಚೀಲ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದ ಆತ ಹೆಣ್ಣುಮಕ್ಕಳನ್ನು ಕಣ್ಣೆತ್ತಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ‘ಹತ್ರಿ ಯವ್ವಾ’ ಎನ್ನುವಾಗಲೂ ನೆಲವನ್ನೇ ನೋಡುತ್ತಿದ್ದ. ಹಾಲಿನ ಕ್ಯಾನಾಗಲಿ, ಎಣ್ಣೆ ಡಬ್ಬಿಯಾಗಲಿ, ಯಾರು ಏನು ತಂದರೂ ಅವನದು ಒಂದೇ ಮಾತು: ‘ನೆಟ್ಟಗ ಇಡ್ರಿ.’

ಅವತ್ತು ರೈತನೊಬ್ಬ ಹೆಂಡತಿಯ ಪಕ್ಕಕ್ಕೆ ಗೋಣಿಚೀಲವೊಂದನ್ನು ಒರಗಿಸಿದ.

‘ಏನದರಿ ಇದರಾಗ?’ ಎಂದು ಆತ ಕೇಳಿದ.

‘ಬೆಲ್ಲ’ ಎಂದ ರೈತ.

ಅರ್ಧ ದಾರಿಯಲ್ಲಿ ಆ ಹೆಂಗಸು, ‘ತೊಡಿ ಉರಿಯಾಕತ್ತದ’ ಎಂದು ಚೀರಿದಳು. ಜೀಪು ನಿಲ್ಲಿಸಿ ಹಿಂದೆ ಬಂದವನು ಚೀಲ ಮೂಸಿದ. ಮರುಕ್ಷಣ ಅವಳನ್ನು ಕೆಳಗಿಳಿಸಿ, ನಮ್ಮೆಲ್ಲರ ಎದುರೇ ಸೀರೆ ಹಿಡಿದೆಳೆದು ಬಿಚ್ಚಿಬಿಟ್ಟ. ಇಂಜಿನ್ನಿಗೆಂದು ಇಟ್ಟಿದ್ದ ನೀರನ್ನು ಅವಳ ಕಾಲಿಗೆ ಸುರಿಯತೊಡಗಿದ. ಗಂಡ ಅವನ ಕೆನ್ನೆಗೆ ಬಾರಿಸಿದ, ಅವನ ತಲೆಯ ರುಮಾಲು ಉರುಳಿಬಿತ್ತು. ಆತ ಅದನ್ನೇ ಎತ್ತಿ ಅವಳಿಗೆ ಸುತ್ತಿಕೊಳ್ಳಲು ಕೊಟ್ಟು, ‘ಇನ್ನಾ ನೀರು ತರ್ರಿ. ಬ್ಯಾಟ್ರಿ ತೇಜಾಬ ಅದ’ ಎಂದ.

ಚೀಲದೊಳಗೆ ಟ್ರ್ಯಾಕ್ಟರಿನ ಬ್ಯಾಟರಿ ಅಡ್ಡ ಮಲಗಿ ಆಸಿಡ್ ಸೋರುತ್ತಿತ್ತು. ನಿಜ ಹೇಳಿದರೆ ಹತ್ತಿಸಿಕೊಳ್ಳುವುದಿಲ್ಲವೆಂದು ರೈತ ಬೆಲ್ಲವೆಂದಿದ್ದ. ಜೀಪಿನಾತ ಎಲ್ಲರ ತಂಬಾಕಿನ ಸುಣ್ಣ ಕೇಳಿ ಪಡೆದು, ಆಸಿಡ್ಡಿನ ಉರಿ ಸಾಯಲೆಂದು ಜೀಪಿನ ತಳಕ್ಕೆ ಬಳಿದ. ಕೈಗೆ ಗೋಣಿ ಸುತ್ತಿಕೊಂಡು ಬ್ಯಾಟರಿಯನ್ನು ಎತ್ತಿ, ಬುಟ್ಟಿಯೊಂದಕ್ಕೆ ಮಣ್ಣು ತುಂಬಿ ಅದರಲ್ಲಿ ನೆಟ್ಟಗೆ ಕೂರಿಸಿ ಹಗ್ಗ ಬಿಗಿದ.

ಅಷ್ಟರಲ್ಲಿ ಬಿಸಿಲಿಗೆ ಒಣಗಿದ್ದ ಸೀರೆಯನ್ನು ಗಂಡ ಎತ್ತಿಕೊಂಡ. ಅದು ಹಿಡಿದಲ್ಲೆಲ್ಲ ಚಿಂದಿಯಾಗಿ ಕೈಗೆ ಬಂತು.

ಕೆನ್ನೆಯ ಮೇಲೆ ಬೆರಳಿನ ಗುರುತು ಹೊತ್ತ ಆತ, ಬರಿದಲೆಯಲ್ಲಿ, ನೆಲ ನೋಡುತ್ತಲೇ ಬುಟ್ಟಿಯನ್ನು ರೈತನ ಮುಂದೆ ತಂದ.

‘ನೆಟ್ಟಗ ಇಡ್ರಿ.’