ಬ್ಯಾಂಡ್ ಮಾಸ್ತರರ ಕಾರಿನ ತಂಪು

ಅವನನ್ನು ಎಲ್ಲರೂ ತಂಪಣ್ಣ ಎಂದೇ ಕರೆಯುತ್ತಿದ್ದರು. ಕಾರುಗಳ ಏಸಿ ರಿಪೇರಿ ಅವನ ಕಸುಬು. ಅಂಗಡಿ ಎಂದರೆ ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಒರಗಿಸಿದ ಗ್ಯಾಸ್ ಸಿಲಿಂಡರುಗಳು. ಒಂದು ಪಕ್ಕದಲ್ಲಿ ಹೆಂಡತಿ ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಿದ್ದಳು. ಇನ್ನೊಂದು ಪಕ್ಕ ಅವಳ ತಮ್ಮನ ಟೈರಿನಂಗಡಿ. ಇಬ್ಬರ ಯಂತ್ರಗಳ ಗದ್ದಲದ ನಡುವೆ ಇವನು ಬಾನೆಟ್ಟಿನೊಳಗೆ ತಲೆ ತೂರಿಸಿ ದಿನ ಕಳೆಯುತ್ತಿದ್ದ.

ಹೊಸ ಕಾರುಗಳ ಏಸಿಯನ್ನು ಯಾರು ಬೇಕಾದರೂ ಸರಿ ಮಾಡುತ್ತಿದ್ದರು. ಹಳೆಯ ಕಾರುಗಳ ವಿಷಯದಲ್ಲಿ ಮಾತ್ರ ತಂಪಣ್ಣನದು ಎತ್ತಿದ ಕೈ. ಅವುಗಳಿಗೆ ಗ್ಯಾಸ್ ಎಷ್ಟು ಬಿಡಬೇಕು, ವಾಲ್ವಿನ ತಿರುಪನ್ನು ಎಷ್ಟು ತಿರುಗಿಸಬೇಕು ಎಂಬುದಕ್ಕೆ ಸರಿಯಾದ ಅಳತೆ ಸಿಗುತ್ತಿರಲಿಲ್ಲ. ಎಂಜಿನ್ ಓಡುತ್ತಿರುವಾಗ ಕಂಪ್ರೆಸರಿಗೆ ಮರಳುವ ಕೊಳವೆಯನ್ನು ಅವನು ಬೆರಳಲ್ಲಿ ಹಿಡಿದು ನೋಡುತ್ತಿದ್ದ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ, ಮತ್ತೆ ಹಿಡಿಯುತ್ತಿದ್ದ. "ಇನ್ನೂ ಮುನಿಸ್ಕೊಂಡಿದೆ," ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ, "ಹಾಂ, ಈಗ ದಾರಿಗೆ ಬಂತು."

ಐವತ್ತು ದಾಟಿದ ಮೇಲೆ ಒಂದು ಸಂಜೆ ಅವನು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಅಂಗಡಿಗೆ ಬಂದ. ಇನ್ನೊಂದು ಚಪ್ಪಲಿ ದಾರಿಯಲ್ಲೆಲ್ಲೋ ಕಳಚಿ ಬಿದ್ದದ್ದು ಅವನಿಗೆ ತಿಳಿದೇ ಇರಲಿಲ್ಲ.

"ಏನ್ ಭಾವ, ಚಪ್ಪಲಿನೂ ನಿಮ್ಮನ್ನ ಬಿಟ್ಟು ಹೋಯ್ತಾ? ನಮ್ಮಕ್ಕ ಒಬ್ಳೇ ಗಟ್ಟಿ," ಎಂದ ಬಾಮೈದ. ಎಲ್ಲರೂ ನಕ್ಕರು, ಅವನೂ ನಕ್ಕ. ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಆ ವರ್ಷದ ಬೇಸಿಗೆಯ ಮೊದಲಿಗೆ ಬ್ಯಾಂಡ್ ಮಾಸ್ತರರು ಬಂದರು. ಬಹಳ ವರ್ಷ ವಾದ್ಯಗಾರರ ತಂಡವೊಂದನ್ನು ನಡೆಸಿ ಬಿಟ್ಟವರು, ಈಗಲೂ ಬೆನ್ನು ನೆಟ್ಟಗೆ ಇಟ್ಟುಕೊಂಡೇ ನಡೆಯುವವರು. ಅವರ ಕಾರು ಕೆನೆಬಣ್ಣದ್ದು. ಬಾನೆಟ್ಟು ಮಂಚದಷ್ಟು ಉದ್ದ, ಬಾಗಿಲುಗಳು ಬೀರುವಿನ ಬಾಗಿಲಿನಂಥವು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಒಂದು ಕಾಲನ್ನು ಚಾಚಿ ಕೂತಿದ್ದರು.

"ಇವಳ ಮಂಡಿ ಮಡಚಲ್ಲ," ಎಂದರು ಮಾಸ್ತರರು. "ಬೇರೆ ಯಾವ ಕಾರಲ್ಲೂ ಕೂರೋಕಾಗಲ್ಲ. ಕಾಯಿಲೆ ಬಂದಾಗಿನಿಂದ ಸೆಕೆ ಅಂದ್ರೆ ತಲೆ ಸುತ್ತಿ ಬೀಳ್ತಾಳೆ. ವಾರ ವಾರ ಆಸ್ಪತ್ರೆಗೆ ಹೋಗ್ಬೇಕು. ಇದರ ಏಸಿ ಒಂದು ಮಾಡ್ಕೊಡಿ, ಪುಣ್ಯ ಬರುತ್ತೆ."

ಹಳೆಯ ಗ್ಯಾಸ್ ಈಗ ಸಿಗುತ್ತಿರಲಿಲ್ಲ. ಹೊಸ ಗ್ಯಾಸಿಗೆ ಹೊಂದುವಂತೆ ತಂಪಣ್ಣ ರಬ್ಬರ್ ಕೊಳವೆಗಳನ್ನೆಲ್ಲ ಬದಲಿಸಿದ, ಕಂಪ್ರೆಸರ್ ಬಿಚ್ಚಿ ಎಣ್ಣೆ ಬದಲಾಯಿಸಿದ. ಗ್ಯಾಸ್ ತುಂಬಿ ಕೊಳವೆ ಹಿಡಿದರೆ ಏನೂ ಗೊತ್ತಾಗಲಿಲ್ಲ. ಬಿಸಿಯೂ ಅಲ್ಲ, ತಂಪೂ ಅಲ್ಲ. ಯಾರದೋ ಕೈ ಯಾವುದನ್ನೋ ಹಿಡಿದಂತೆ. ಗ್ಯಾಸ್ ಕಡಿಮೆಯಾಯಿತೇನೋ ಎಂದು ಇನ್ನಷ್ಟು ಬಿಟ್ಟ. ಮತ್ತೆ ಹಿಡಿದ. ಊಹೂಂ.

ಪೈಪು ಕಳಚುವಾಗ ಮಂಜಿಗಿಂತ ತಣ್ಣಗೆ ಕೊರೆಯುವ ಗ್ಯಾಸ್ ಬುಸ್ ಎಂದು ಅವನ ಬೆರಳುಗಳ ಮೇಲೆ ಚಿಮ್ಮಿತು. ಅವನು ಕೆಲಸ ಮುಂದುವರಿಸಿದ. ಚಹಾ ಕೊಡಲು ಬಂದ ಹೆಂಡತಿ ಲೋಟ ಕೆಳಗಿಟ್ಟು ಅವನ ಕೈ ಹಿಡಿದುಕೊಂಡಳು.

"ಇದೇನ್ರೀ, ಬೆರಳು ಸುಣ್ಣ ಬಳಿದಂಗೆ ಆಗಿದೆ. ಉರೀತಿಲ್ವಾ?"

"ಇಲ್ವಲ್ಲ," ಎಂದ. ಹಾಗೆಂದ ಮೇಲೆ ಅವನಿಗೇ ಹೆದರಿಕೆಯಾಯಿತು.

ಡಾಕ್ಟರು ಬೆರಳಿಗೆ ಪಟ್ಟಿ ಕಟ್ಟಿದರು. ಸೂಜಿಯ ಮೊನೆಯನ್ನು ಪಾದಕ್ಕೂ ಅಂಗೈಗೂ ಮುಟ್ಟಿಸುತ್ತ ಬಂದರು. ಚುಚ್ಚಿದಾಗ ಹೇಳು ಎಂದಿದ್ದರು. ಅವನು ಕಾಯುತ್ತಲೇ ಇದ್ದ. ಸಕ್ಕರೆ ಕಾಯಿಲೆ ಬಹಳ ಕಾಲದಿಂದ ಇದೆ, ನರಗಳನ್ನು ತಿಂದಿದೆ ಎಂದರು.

"ವಾಪಸ್ ಬರುತ್ತಾ ಸಾರ್?"

"ಉಳಿದಿರೋದನ್ನ ನೋಡ್ಕೊಳ್ಳಿ."

ಮಾಸ್ತರರಿಗೆ ಅವನು ಇದನ್ನು ಹೇಳಲಿಲ್ಲ. ಪಟ್ಟಿ ಬಿಚ್ಚಿದ ದಿನ ಅವನು ಮತ್ತೆ ಆ ಕಾರಿನ ಮುಂದೆ ನಿಂತ. ಒಳಗಿನ ಗಾಳಿಕಿಂಡಿಗೆ ಕೆನ್ನೆ ಒಡ್ಡಿ ನೋಡಿದ. ತಂಪು ಬರುತ್ತಿದೆ ಎಂದಷ್ಟೇ ತಿಳಿಯಿತು. ವಾಲ್ವು ಹೊಂದಿಸಲು ಕೊಳವೆಯನ್ನೇ ಮುಟ್ಟಬೇಕು. ಅದು ಕುದಿಯುವ ಎಂಜಿನ್ನಿನ ಪಕ್ಕದಲ್ಲಿ, ಮುಖ ತೂರದ ಸಂದಿಯಲ್ಲಿತ್ತು. ಥರ್ಮಾಮೀಟರ್ ತಂದು ಸಿಕ್ಕಿಸಿದರೆ ಎಂಜಿನ್ನಿನ ಶಾಖಕ್ಕೆ ಅದರ ಅಂಕಿ ಒಂದು ಕಡೆ ನಿಲ್ಲಲಿಲ್ಲ. ಕೊನೆಗೆ ಹೆಂಡತಿಯನ್ನು ಕರೆದ.

"ಹೆಂಗಿದೆ?"

"ತಣ್ಣಗಿದೆ."

"ಎಷ್ಟು ತಣ್ಣಗೆ?"

"ತಣ್ಣಗೆ ಅಂದ್ರೆ ತಣ್ಣಗೆ. ಅದನ್ನೇನು ತಕ್ಕಡೀಲಿ ತೂಗ್ಲಾ?"

ಅವನು ತಿರುಪನ್ನು ಒಂದಿಷ್ಟು ತಿರುಗಿಸಿದ. "ಈಗ?"

"ಹಂಗೇ ಇದೆ. ಅಲ್ಲ, ಸ್ವಲ್ಪ ಜಾಸ್ತಿನಾ? ನೀವು ಹಂಗೆ ಮುಖ ನೋಡಿದ್ರೆ ನಂಗೂ ಗೊತ್ತಾಗಲ್ಲ ಕಣ್ರೀ."

ಬಾಮೈದನೂ ಬಂದು ಹಿಡಿದು ನೋಡಿದ. ಅಕ್ಕ ಸಾಲದು ಎಂದಲ್ಲಿ ಅವನು ಹೆಚ್ಚಾಯಿತು ಎಂದ. ಇಬ್ಬರೂ ಜಗಳಕ್ಕೆ ನಿಂತರು. ತಂಪಣ್ಣ ಸ್ಪ್ಯಾನರ್ ಹಿಡಿದು ಒಮ್ಮೆ ಇವಳ ಬಾಯಿ, ಒಮ್ಮೆ ಅವನ ಬಾಯಿ ನೋಡುತ್ತಿದ್ದ. ತನ್ನ ಕೈಗೆ ಇಷ್ಟು ವರ್ಷ ಏನು ತಿಳಿಯುತ್ತಿತ್ತು ಎಂದು ಹೇಳಿಕೊಡಲು ಹೋದರೆ ಅವನಿಗೆ ಮಾತೇ ಹುಟ್ಟಲಿಲ್ಲ. ನಡುಮಧ್ಯಾಹ್ನದ ಹೊತ್ತಿಗೆ, ಇದ್ದದ್ದು ಇರಲಿ ಎಂದು ತಿರುಪು ಬಿಗಿದು ಬಾನೆಟ್ಟು ಮುಚ್ಚಿದ.

ಪರೀಕ್ಷೆಗೆಂದು ಒಂದು ಸುತ್ತು ಹೋದರು. ಮಾಸ್ತರರು ಸ್ಟೇರಿಂಗ್ ಹಿಡಿದಿದ್ದರು, ತಂಪಣ್ಣ ಪಕ್ಕದಲ್ಲಿ, ಅವರ ಹೆಂಡತಿ ಹಿಂದೆ. ಕಾರು ಓಡುತ್ತಿರುವವರೆಗೆ ತಂಪು ಪರವಾಗಿಲ್ಲ ಎನ್ನುವಂತಿತ್ತು. ಮುಖ್ಯರಸ್ತೆಯಲ್ಲಿ ಬಸ್ಸುಗಳ ನಡುವೆ ಸಿಕ್ಕಿಕೊಂಡು ನಿಂತಾಗ ಏಸಿ ಗಾಳಿಯ ಸದ್ದು ಭಾರವಾಯಿತು. ತಂಪಣ್ಣ ಅಂಗೈಯನ್ನು ಕಿಂಡಿಗೆ ಹಿಡಿದ, ಅಭ್ಯಾಸಬಲದಿಂದ. ಆಮೇಲೆ ಹಿಂದಕ್ಕೆ ತಿರುಗಿ ಕೇಳಿದ:

"ತಣ್ಣಗೆ ಬರ್ತಿದೆಯಾ ಅಮ್ಮ?"

"ಬರ್ತಿದೆಯಪ್ಪ. ತಣ್ಣಗಿದೆ," ಎಂದರು ಅವರು.

ಅವರ ಕೆನ್ನೆಯ ಪಕ್ಕದಲ್ಲಿ ಬೆವರು ಇಳಿಯುತ್ತಿತ್ತು. ಕರವಸ್ತ್ರವನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಿದ್ದರು. ಮಾಸ್ತರರು ಕನ್ನಡಿಯಲ್ಲಿ ಅದನ್ನು ನೋಡಿದರು. ತಂಪಣ್ಣ ನೋಡಿದ್ದನ್ನೂ ನೋಡಿದರು. ಮುಂದಿನ ಬಸ್ಸು ಸರಿದು ಕಾರು ಹೊರಟಿತು.

ಅಂಗಡಿಯ ಮುಂದೆ ಇಳಿದವನೇ ಅವನು ಹೇಳಿಬಿಟ್ಟ. "ಮಾಸ್ತರ್ರೇ, ನನ್ನ ಕೈಗೆ ಈಗ ಏನೂ ಗೊತ್ತಾಗಲ್ಲ. ಬೇರೆ ಯಾರಿಗಾದ್ರೂ ತೋರಿಸಿ."

"ಯಾರಿಗೆ ತೋರಿಸ್ಲಿ?" ಎಂದರು ಮಾಸ್ತರರು. ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ತಂಪಣ್ಣನಿಗೆ ಹೇಳಲು ಯಾರ ಹೆಸರೂ ಹೊಳೆಯಲಿಲ್ಲ. ಬೇರೆ ಅಂಗಡಿಗಳ ಹೊಸ ಹುಡುಗರು ಆ ಕಂಪ್ರೆಸರನ್ನು ನೋಡಿ, ಕಿತ್ತು ಗುಜರಿಗೆ ಹಾಕಿ ಎಂದು ಆಗಲೇ ಹೇಳಿ ಕಳಿಸಿದ್ದರಂತೆ.

ಹಿಂದಿನ ಕಿಟಕಿಯಿಂದ ಅವರ ಹೆಂಡತಿ, "ಚೆನ್ನಾಗೇ ಇದೆ, ನಡೀರಿ. ಅವರನ್ನ ಯಾಕೆ ಹಿಂಸೆ ಮಾಡ್ತೀರಿ," ಎಂದರು.

ಅವರು ಹೋದ ಮೇಲೆ ತಂಪಣ್ಣ ಆ ದಿನ ಬೇರೆ ಕಾರು ಮುಟ್ಟಲಿಲ್ಲ. ಹೆಂಡತಿ ಹೊಲಿಗೆ ನಿಲ್ಲಿಸಿ ಪಕ್ಕದಲ್ಲಿ ಬಂದು ಕೂತಳು.

ಬಿಸಿಲು ಏರಿದಂತೆಲ್ಲ ಅವನಿಗೆ ಆ ಕರವಸ್ತ್ರವೇ ಕಣ್ಣಿಗೆ ಕಟ್ಟುತ್ತಿತ್ತು. ಒಂದು ದಿನ ಫೋನು ಮಾಡಿದ.

"ಇನ್ನೊಂದ್ಸಲ ತನ್ನಿ ಮಾಸ್ತರ್ರೇ. ಏನಾದ್ರೂ ಮಾಡಿ ನೋಡೋಣ."

"ಬೇಡ ಬಿಡಿ, ಬಿಸಿಲು ಏರೋಕ್ಕಿಂತ ಮುಂಚೆನೇ ಹೋಗಿ ಆಸ್ಪತ್ರೆ ಬಾಗಿಲಲ್ಲಿ ಕೂತ್ಕೋತೀವಿ," ಎಂದರು ಮಾಸ್ತರರು. "ವಾಪಸ್ ಬರೋವಾಗಲೇ ಕಷ್ಟ. ಕೇಳಿದ್ರೆ ಅವಳು ತಣ್ಣಗಿದೆ ಅಂತಾಳೆ. ನಾನೇನು ಹೇಳ್ಲಿ?"

ಏನಾದರೂ ಎಂದರೆ ಏನು ಎಂದು ಅವರು ಕೇಳಲಿಲ್ಲ. ಆಯ್ತು ಮಾಸ್ತರ್ರೇ ಎಂದು ಫೋನು ಇಟ್ಟ. ಮುಂದೆ ಅವನು ಹಳೆಯ ಕಾರುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ. ಬಂದವರಿಗೆ ಬಾಮೈದನೇ ಟೈರಿನಂಗಡಿಯಿಂದ ಎದ್ದು ಹೋಗಿ, ಭಾವನಿಗೆ ಈಗ ಪುರುಸೊತ್ತಿಲ್ಲ ಎಂದು ಹೇಳಿ ಕಳಿಸುತ್ತಿದ್ದ.